ಹೊಲಿಗೆಗೆ ಬಿಟ್ಟದ್ದು

ಎಗ್ಮೋರಿನ ದಫ್ತರಖಾನೆಯಿಂದ ಬಂದ ನಕ್ಷೆ.
ಬೆನ್ನಿಗೆ ಬಟ್ಟೆ ಅಂಟಿಸಿದ್ದು, ಮಡಿಕೆಯಲ್ಲಿ ಹುಳ ತಿಂದದ್ದು.
ಪರದೆಯ ಮೇಲೆ ಹಾಸಿ ನಾಲ್ಕು ಮೊಳೆ ಹೊಡೆಯಬೇಕು:
ರಾಯದುರ್ಗದ ಬೆಟ್ಟದ ನೆತ್ತಿಗೊಂದು,
ರೈಲು ಸೇತುವೆಯ ಕಂಬಕ್ಕೊಂದು,
ಕೆರೆಯ ತೂಬಿಗೊಂದು. ನಾಲ್ಕನೆಯದಕ್ಕೆ
ಹಗರಿಯ ತಿರುವು ಹಿಡಿದೆ. ತಪ್ಪಿತು.
ಹೊಳೆ ಇದ್ದಲ್ಲಿ ಈಗ ಶೇಂಗಾ.

'ಇಲ್ಲಿಂದ ಹೊಳೆಯೇ ಗಡಿ' ಎಂದು ಬರೆದ ಪುಣ್ಯಾತ್ಮ
ಯಾವ ವರ್ಷದ ಹೊಳೆ ಎಂದು ಬರೆಯಲಿಲ್ಲ.

ಪಟ್ಟಿಯಲ್ಲಿ ಮೂರು ಕಾಲಂ: ಜಿಲ್ಲೆ, ಇಂದ, ವರೆಗೆ.
ಬಳ್ಳಾರಿ, ಐವತ್ಮೂರು ಸೆಪ್ಟೆಂಬರ್ ಮೂವತ್ತರವರೆಗೆ.
ಅನಂತಪುರ, ಅಕ್ಟೋಬರ್ ಒಂದರಿಂದ.
ನಡುವೆ ಒಂದು ರಾತ್ರಿ.
ಊರು ಯಾವ ಮಗ್ಗುಲಿಗೆ ಮಲಗಿತ್ತೋ,
ಅದಕ್ಕೆ ಕಾಲಂ ಇಲ್ಲ.

ಎರಡು ಜಿಲ್ಲೆಯ ಹಾಳೆ ಜೋಡಿಸಿದರೆ ಅಂಚು ಕೂಡುವುದಿಲ್ಲ.
ಕೆಲವೆಡೆ ಬಿರುಕು, ಯಾರ ಪಾಲಿಗೂ ಬಾರದ ನೆಲದೆಳೆ.
ಕೆಲವೆಡೆ ಒಂದರ ಮೇಲೊಂದು.
ಕಂಪ್ಯೂಟರು ಎಲ್ಲಕ್ಕೂ ಕೆಂಪು ಬಳಿದು
ಕೆಳಗೆ ಲೆಕ್ಕ ಕೊಡುತ್ತದೆ:
ದೋಷ, ನಾನೂರ ಹದಿನೇಳು.
ಶುಕ್ರವಾರಕ್ಕೆ ಸೊನ್ನೆ ಇರಬೇಕಂತೆ.

ಕರೆಂಟು ಹೋಯಿತು. ಕೆಳಗೆ ಜೀನ್ಸ್ ಹೊಲಿಯುವ
ಹದಿನೆಂಟು ಮಿಷನ್ನು ಒಮ್ಮೆಗೇ ಬಾಯಿ ಮುಚ್ಚಿದವು.
ಮೈಗೆಲ್ಲ ನೀಲಿ ಧೂಳು ಮೆತ್ತಿಕೊಂಡು
ಹೊನ್ನೂರಬಿ ಮೇಲೆ ಬಂದಳು, ಗಾಳಿಗೆ.
ಬ್ಯಾಟರಿಯ ಬೆಳಕಿಗೆ ಬಗ್ಗಿ ನೋಡಿ,
'ಈ ಕೆಂಪಂದು ಏನು ತಾಯಿ?'
'ಎರಡು ಜಿಲ್ಲೆ ಮೇಲೆ ಮೇಲೆ ಬಂದಿವೆ. ಕತ್ತರಿಸಬೇಕು.'
'ಅಯ್ಯ, ಕತ್ತರಿಸಿದ್ರೆ ಹೆಂಗೆ?
ಹೊಲಿಗೀಗೆ ಬಿಟ್ಟಿರಾದು ಅದು.
ಅಂಚಿಗಂಚು ಇಟ್ಟು ಹೊಲಿದು ನೋಡು,
ಕುಂತ ಕೂಡ್ಲೆ ಪರ್ ಅಂತೈತೆ.'

ಎಷ್ಟು ಬಿಡುತ್ತೀರಿ ಎಂದೆ.
'ದೊಡ್ಡೋರಿಗೆ ಅರ್ಧ ಇಂಚು.
ಬೆಳಿಯೋ ಹುಡುಗ್ರಿಗಾದ್ರೆ ಒಂದು.'

ಈ ಹಾಳೆಯಲ್ಲಿ ಇಂಚಿಗೆ ಒಂದು ಮೈಲಿ.
ಅರ್ಧ ಇಂಚಿನೊಳಗೆ ಏನೇನು ಹಿಡಿಯುತ್ತದೆ!
ಒಂದು ಸೇದುವ ಬಾವಿ, ಹನ್ನೊಂದು ಮನೆ,
ಎರಡು ಸಲ ಕಂದಾಯ ಕಟ್ಟಿದ ಒಬ್ಬ ಮುದುಕನ ಹೊಲ,
ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವ
ಬೇಲಿ ಜಗಳ.

ಕರೆಂಟು ಬಂತು. ಕಾಫಿ ಅರ್ಧಕ್ಕೇ ಬಿಟ್ಟು ಹೊನ್ನೂರಬಿ ಇಳಿದಳು.
ಮೇಜು, ಲೋಟ, ಹಗರಿ,
ಎಲ್ಲ ಮತ್ತೆ ಸಣ್ಣಗೆ ನಡುಗತೊಡಗಿದವು.
ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ: ಷರಾ.
ಬಾವಿಯಿದ್ದ ಕೆಂಪಿನ ಎದುರು
'ಹೊಲಿಗೆಗೆ ಬಿಟ್ಟದ್ದು' ಎಂದು ತುಂಬಿದೆ.

ಮೇಷ್ಟ್ರು ಕೇಳಿದರೆ ಏನಂತ ಹೇಳಲಿ?
ಇನ್ನೂ ನಾನೂರ ಹದಿನಾರಿವೆ.