ಷರಾ

ಔಷಧದ ಕೋಣೆಯ ಬೀಗದ ಕೈ ನನ್ನ ಕೊರಳಲ್ಲಿ.
ಮಾರ್ಫೀನಿನ ಹನಿಹನಿಗೂ ಸಹಿ, ಸಮಯ, ಸಾಕ್ಷಿ.
ನೋವಿಗಿಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿ.
ಕುತೈಸಿಯ ಹಳೇ ಶಾಲೆ ಇದು,
ಈಗ ಹನ್ನೊಂದು ಮಂಚ, ಒಂದೇ ಒಲೆ,
ಕಿಟಕಿಯಾಚೆ ರಿಯೋನಿ ಹೊಳೆಯ ಬಿಳಿ ಗುಂಡುಕಲ್ಲು.

ಮಂಗಳವಾರ, ಶುಕ್ರವಾರ ಝುಝುನಾ ಬರುತ್ತಾಳೆ.
ನಲವತ್ತು ವರ್ಷ ಮಣ್ಣಿನೊಲೆಯ ಬಾಯಿಗೆ ಬಗ್ಗಿ
ಒಳಗೋಡೆಗೆ ರೊಟ್ಟಿ ಬಡಿದವಳು.
ಮುಂಗೈ ಮೇಲೆ ಒಂದು ಕೂದಲೂ ಉಳಿದಿಲ್ಲ.
ಈಗ ಅಕ್ರೋಟಿನ ಎಣ್ಣೆ ಬೆಚ್ಚಗೆ ಮಾಡಿ
ಕೈ ನಾದುತ್ತಾಳೆ, ಪಾದ ನಾದುತ್ತಾಳೆ,
ವೈದ್ಯೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ
ಮೂಳೆಗಳ ಹತ್ತಿರ ಸುಳಿಯುವುದಿಲ್ಲ.

ನಾನು ನಗುತ್ತಿದ್ದೆ, ಸುಳ್ಳೇಕೆ.
ನಾದಿದರೆ ಹಿಟ್ಟು ಉಬ್ಬೀತು ತಾಯಿ, ಗಡ್ಡೆ ಕರಗೀತೇ?
'ಕರಗುತ್ತದೆ ಅಂದವರು ಯಾರು?
ಅವನ ಕೈ ತಣ್ಣಗಿತ್ತು.'

ಗೊದೆರ್ಜಿ ಬಂದದ್ದು ಚಿಯತುರಾದಿಂದ,
ಕಣಿವೆಯ ಮೇಲೆ ತಂತಿಗೆ ಜೋತ ಡಬ್ಬಿಗಳಲ್ಲಿ
ಗಣಿಯವರನ್ನು ಏರಿಸಿ ಇಳಿಸಿದವನು, ಇಪ್ಪತ್ತೊಂಬತ್ತು ವರ್ಷ.
ಬೆನ್ನುಮೂಳೆಯಲ್ಲಿ ಮೂರು ಕಡೆ ಗಡ್ಡೆ.
ಅವನ ಭಾವಮೈದುನ ಒಂದು ದಿನ ಸೀಸೆ ತಂದ,
ಹಸು ಮಾರಿದ ದುಡ್ಡಿನದು.
ದಿನಕ್ಕೆ ಮೂರು ಚಮಚ, ಆ ಮಾರ್ಫೀನು ಗೀರ್ಫೀನು
ಬಿಡಿಸಿ ಎಂದಿದ್ದನಂತೆ ಮಾರಿದವನು.
ಝುಝುನಾ ಮುಚ್ಚಳ ತೆಗೆದು ಮೂಸಿದಳು,
ಶಾಲು ಹೊದ್ದು ಬಸ್ಸು ಹಿಡಿದಳು,
ಅವನ ಅಂಗಡಿ ಮುಂದೆ ನಿಂತು ಸಂತೆಗೆ ಸಂತೆಯೇ ತಿರುಗುವಂತೆ ಬೈದು
ಅರ್ಧ ದುಡ್ಡು ಕಿತ್ತು ತಂದಳು.
ಆವತ್ತಿನಿಂದ ನಗುವುದು ಬಿಟ್ಟೆ.
ನಂಬಲಿಲ್ಲ, ಅಷ್ಟೇ.

ನಾದುವ ಮುಂಚೆ ಏಳು, ನಾದಿದ ಮೇಲೆ ಏಳು.
ಶುಕ್ರವಾರವೂ ಏಳು, ಏಳು.
'ಇಳಿಯಲೇ ಇಲ್ಲವಲ್ಲ ಗೊದೆರ್ಜಿ, ಮತ್ತೇಕೆ
ಬೆಳಗಿನಿಂದ ಅವಳ ದಾರಿ ಕಾಯುತ್ತೀ?'
ಅವಳ ಹೆಬ್ಬೆರಳು ಅವನ ಅಂಗೈ ನಡುವೆ ಇತ್ತು.
ಅವನು ಕಣ್ಣು ತೆರೆಯದೆಯೇ ಹೇಳಿದ.

'ಆ ವರ್ಷಗಳಲ್ಲಿ ಕರೆಂಟು ಹೋಗುತ್ತಿತ್ತು.
ಡಬ್ಬಿ ನಟ್ಟನಡುವೆ ನಿಂತುಬಿಡುವುದು,
ಕೆಳಗೆ ಪ್ರಪಾತ, ಒಳಗೆ ಆರೇಳು ಜನ.
ನನ್ನ ಕೈಲಿ ಏನಿತ್ತು? ಒಂದು ಟೆಲಿಫೋನು.
ಹಿಡಿ ತಿರುಗಿಸಿ ಮಾತಾಡುತ್ತಿದ್ದೆ,
ಯಾರ ಮನೆಯಲ್ಲಿ ಏನು ಅಡುಗೆ,
ಯಾರ ಚಪ್ಪರದಲ್ಲಿ ಎಷ್ಟು ಬುಟ್ಟಿ ದ್ರಾಕ್ಷಿ,
ನನ್ನ ಹೆಂಡತಿಯ ತಮ್ಮ ಎಂಥ ದಡ್ಡ.
ಮಾತಿಗೆ ಡಬ್ಬಿ ಒಂದು ಗೇಣೂ ಸರಿಯದು.
ಆದರೆ ಒಳಗೆ ನಿಂತಿದ್ದವರು
ಕೂತುಕೊಳ್ಳುತ್ತಿದ್ದರು.'

ಇಷ್ಟು ಹೇಳಿ ಇನ್ನೊಂದು ಕೈ ಚಾಚಿದ.

ನವೆಂಬರಿನಲ್ಲಿ ಹೋದ. ಗುರುವಾರ, ಅವಳ ದಿನವಲ್ಲ.
ನನ್ನ ಹನಿಗಳು ಹೊತ್ತಿಗೆ ಸರಿಯಾಗಿ ಸಂದಿದ್ದವು,
ಅದಕ್ಕೆ ಸಹಿ ಇದೆ, ಸಾಕ್ಷಿ ಇದೆ.
ರಾತ್ರಿ ನಾನೇ ಇದ್ದೆ ಪಕ್ಕದಲ್ಲಿ.
ಎಣ್ಣೆ ಎಲ್ಲಿಟ್ಟಿದ್ದಳೋ, ಹುಡುಕಿದರೂ ಸಿಗಲಿಲ್ಲ.
ನನಗೆ ನಾದಲು ಬಾರದು.
ಬರಿಗೈಯಲ್ಲಿ ಹಿಡಿದುಕೊಂಡೆ,
ಪೆಟ್ಟಿಗೆ ಎತ್ತಿ ಕೊಡುವವನ ಹಾಗೆ, ಒರಟಾಗಿ.
ಅವನ ಬೆರಳು ಒಮ್ಮೆ ಮಡಚಿತು,
ಸನ್ನೆಕೋಲು ಹಿಡಿದ ಅಭ್ಯಾಸವೋ ಏನೋ.

ಮಾರ್ಚಿನಲ್ಲಿ ತಿಬಿಲಿಸಿಯಿಂದ ತಪಾಸಣೆಗೆ ಬಂದವಳು
ದಫ್ತರ ತಿರುವಿ ಒಂದು ಸಾಲಿನ ಮೇಲೆ ಪೆನ್ನಿಟ್ಟಳು.
ಮೊದಲು ಏಳು, ಆಮೇಲೆ ಏಳು.
ಷರಾ ಎಂಬಲ್ಲಿ ಇದೇನು ಬರೆದಿದ್ದೀರಿ,
'ಕೂತರು' ಅಂತ?
ಯಾರು ಕೂತರು? ಎಲ್ಲಿ?

ಆರು ಗಂಟೆ ಪ್ರಯಾಣ ಮಾಡಿ ಬಂದವಳು,
ಬಂದಾಗಿನಿಂದ ನಿಂತೇ ಇದ್ದಳು.
ನಾನು ಕುರ್ಚಿ ಹುಡುಕಲು ಹೊರಗೆ ಹೋದೆ.
ಅಂದು ಮಂಗಳವಾರ,
ಪಡಸಾಲೆಯ ತುಂಬ ಅಕ್ರೋಟಿನ ಎಣ್ಣೆ ಕಾದ ವಾಸನೆ.