ಬ್ರೌನು ಎಳೆಯುವವಳು

ಬೇರೆ ಊರಲ್ಲಿ ಇದನ್ನು ಗ್ರೀನು ಅಂತಾರಂತೆ.
ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಬ್ರೌನು.
ಮರಳಿಗೆ ಸುಟ್ಟ ಎಣ್ಣೆ ಕಲಸಿ, ತಟ್ಟಿ,
ಅಂಗಳ ಸಾರಿಸಿದ ಹಾಗೆ ದುಂಡಗೆ ಸಾರಿಸಿದ್ದು;
ನಡುವೆ ಒಂದು ತೂತು, ತೂತಿಗೊಂದು ಬಾವುಟ.
ಆಡಿದವರು ಹೋದ ಮೇಲೆ ಅವರ ಹೆಜ್ಜೆ ಅಳಿಸಲು
ಕಬ್ಬಿಣದ ಪಟ್ಟಿ ಎಳೆಯುವುದು ನನ್ನ ಕೆಲಸ.
ನನಗಿಂತ ಮೊದಲು ಎತಿರಾಜು ಎಳೆಯುತ್ತಿದ್ದ.
ಅವನು ಹೋದ ಮೂರನೇ ದಿನ
ಕ್ಲಬ್ಬಿನವರು ಪಟ್ಟಿಯನ್ನು ಬಾಗಿಲಿಗೇ ತಂದಿಟ್ಟರು,
ಜೊತೆಗೆ ಅವನ ಟೋಪಿ.

ನಮ್ಮ ಲೈನು ಮಾರಿಕುಪ್ಪದ ಕಡೆಗೆ.
ಮುಂದೆ ಕ್ಲಬ್ಬು, ಹಿಂದೆ ಸೈನೈಡ್ ದಿಬ್ಬ.
ನೆಲದ ಹೊಟ್ಟೆಯಿಂದ ತೆಗೆದು, ಅರೆದು, ಹಿಂಡಿ,
ಬಂಗಾರ ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿದೆ,
ಹಿಟ್ಟಿನ ಹಾಗೆ, ಗುಡ್ಡ ಗುಡ್ಡ.
ಆಷಾಢದ ಗಾಳಿಗೆ ಎದ್ದು ಬರುತ್ತದೆ
ಅನ್ನದ ಪಾತ್ರೆಗೆ, ಮಲಗಿದ ಮಗುವಿನ ಕಿವಿಗೆ.
ಒಮ್ಮೆ ಸಿನಿಮಾದವರು ಲಾರಿಯಲ್ಲಿ ಒಂಟೆ ತಂದರು.
ದಿಬ್ಬ ಎರಡು ದಿನ ರಾಜಸ್ಥಾನವಾಯಿತು.
ಒಂಟೆ ನಮ್ಮ ನಲ್ಲಿ ಸಾಲಿಗೆ ಬಂದು
ಆರು ಬಿಂದಿಗೆ ಕುಡಿಯಿತು.
ಸರಸಮ್ಮ ಇವತ್ತಿಗೂ ಅದರ ಲೆಕ್ಕ ಕೇಳುತ್ತಾಳೆ,
ಯಾರನ್ನ ಅಂತ ಗೊತ್ತಿಲ್ಲ.

ಅಪ್ಪ ಶಾಫ್ಟಿಗೆ ಇಳಿದರೆ ಎರಡು ಮೈಲಿ ಕೆಳಗೆ.
ಅವನ ನೆತ್ತಿಯ ಮೇಲೆ ದೊರೆಗಳ ಆಟ.
ಒಂದು ದಿನ ಕೆಳಗೆ ಬಂಡೆ ಸಿಡಿದು
ಮೇಲೆ ನೆಲ ಗಡಗಡ ಅಂದು
ತೂತಿನ ಅಂಚಿಗೆ ನಿಂತಿದ್ದ ಚೆಂಡು
ತಾನಾಗಿ ಒಳಕ್ಕೆ ಉರುಳಿತಂತೆ.
ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ
ರಾತ್ರಿ ಊಟದವರೆಗೆ ವಾದ.
ಎತಿರಾಜು ಇದನ್ನು ಹೇಳಿ ಹೇಳಿ ನಗುತ್ತಿದ್ದ.
ನನಗೆ ಸೈರನ್ನು ನೆನಪಾಗುತ್ತಿತ್ತು.

ಈಗ ಮೆಂಬರು ಹನ್ನೊಂದು ಜನ.
ಹಿಂದಿನ ಬಾಗಿಲಲ್ಲಿ ಔಷಧಿ ಕೊಟ್ಟು ಹೋಗುತ್ತಿದ್ದ
ಗಣಿ ಆಸ್ಪತ್ರೆಯ ಕಂಪೌಂಡರು ಸೆಲ್ವನಾಥನ್
ಈಗ ಕ್ಯಾಪ್ಟನ್ನು. ಎಪ್ಪತ್ತೆಂಟು ವರ್ಷ, ಮೂರು ಕೋಲು,
ಸುಣ್ಣ ಹಚ್ಚಿದ ಕ್ಯಾನ್ವಾಸ್ ಶೂ.
ಗಾಜಿನ ಬೀರುವಿನಲ್ಲಿ ಬೆಳ್ಳಿ ಕಪ್ಪುಗಳಿಲ್ಲ,
ಅವು ಕೂತಿದ್ದ ದುಂಡು ಗುರುತುಗಳಿವೆ ಧೂಳಿನಲ್ಲಿ.
ಒರೆಸಬೇಡ ಅಂದಿದ್ದಾರೆ.

ಮೊನ್ನೆ ಏಳನೆಯದರಲ್ಲಿ ಗಾಳಿ ತಿರುಗಿತು.
ಚೆಂಡು ಬೇಲಿ ದಾಟಿ, ಜಾಲಿ ದಾಟಿ
ದಿಬ್ಬಕ್ಕೆ ಬಿತ್ತು.
“ಬೇರೆ ಇಡಿ ಸಾರ್, ಯಾರು ನೋಡ್ತಾರೆ” ಅಂದೆ.
“ಬಿದ್ದಲ್ಲಿಂದಲೇ ಹೊಡೀಬೇಕಮ್ಮ” ಅಂದು ನಡೆದೇಬಿಟ್ಟರು.
ಕೋಲು ಹೊತ್ತು ನಾನು ಹಿಂದೆ.

ದಿಬ್ಬದಲ್ಲಿ ಪಾದ ಹೂಳುತ್ತದೆ,
ಮೊದಲು ಬಿಸಿ, ಒಳಗೆ ತಣ್ಣಗೆ.
ಹೋದ ವಾರದ ಮಳೆ ಕೊರೆದ ಕೊರಕಲಲ್ಲಿ
ಚೆಂಡಿತ್ತು. ಒಂದಲ್ಲ.
ಕಾವಿಗೆ ಕೂರಿಸಿ ಮರೆತ ಮೊಟ್ಟೆಗಳ ಹಾಗೆ
ಹಳದಿಗಟ್ಟಿದವು, ಸಿಪ್ಪೆ ಬಿರಿದು
ರಬ್ಬರ್ ನೂಲು ಕಾಣಿಸುವವು,
ಯಾವ ದೊರೆಯದೋ ನೀಲಿ ಅಕ್ಷರ ಇದ್ದದ್ದು.
ಒಂದರ ಮೇಲೆ ಕೆಂಪು ಚುಕ್ಕೆ.
ನನ್ನ ಉಗುರುಬಣ್ಣ.
ಮದುವೆಯಾದ ವರ್ಷ ಶೀಶೆ ಸಮೇತ ಕದ್ದಿದ್ದ,
ಸಾಹೇಬರು ಬಾರದ ಸೋಮವಾರ
ಕ್ಯಾಡಿಗಳು ಆಡುವಾಗ ತನ್ನ ಚೆಂಡು ತನಗೆ ಸಿಗಲಿ ಅಂತ.
ನಾನು ತಂಗಿಯ ಮೇಲೆ ಕಳ್ಳತನ ಹೊರಿಸಿ
ಎರಡು ತಿಂಗಳು ಮಾತು ಬಿಟ್ಟಿದ್ದೆ.

ಕಂಪೌಂಡರು ಹೊಡೆದರು. ಮರಳು ಹಾರಿತು, ಚೆಂಡು ಹಾರಲಿಲ್ಲ.
“ಐದು.”
ಮತ್ತೆ. “ಆರು.”
ಸುತ್ತ ಯಾರೂ ಇಲ್ಲ, ಒಂದು ಕಾಗೆ.
“ಏಳು” ಅಂದರು, ಕಾಗೆಗೂ ಕೇಳುವಷ್ಟು ಜೋರಾಗಿ.

ಒಂದು ಕೋಲು ನನ್ನ ಕೈಯಲ್ಲೇ ಇತ್ತು.
ಸೆರಗು ಸಿಕ್ಕಿಸಿದೆ.
ಬಿದ್ದಲ್ಲಿಂದಲೇ ಹೊಡೆದೆ.
ಕೆಂಪು ಚುಕ್ಕೆ ಜಾಲಿಯ ಮೇಲೆ ತಿರುಗುತ್ತಾ ಹೋಗಿ
ನಮ್ಮ ಲೈನಿನ ತಗಡಿನ ಮೇಲೆ ಠಣ್ ಅಂತು.
ಸರಸಮ್ಮ ಆಚೆ ಬಂದು ಮೂರು ಭಾಷೆಯಲ್ಲಿ ಬೈದಳು.

ಕಂಪೌಂಡರು ಜೇಬಿನಿಂದ ಕಾರ್ಡು ತೆಗೆದರು,
ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದರು.
“ಹೆಸರೇನು?” ಅಂದರು,
ಹದಿನಾಲ್ಕು ವರ್ಷ ಅವರ ಹೆಜ್ಜೆ ಅಳಿಸಿದ ನನ್ನನ್ನು.
ಹೇಳಿದೆ.
ತಪ್ಪು ಬರೆದುಕೊಂಡರು.
ಇರಲಿ ಬಿಡಿ ಅಂದೆ.