ಗೇಟಿನಿಂದ ನಾಲ್ಕು ಹೆಜ್ಜೆ

ಮೊದಲ ಮಂಗಳವಾರ ಬಾಗಿಲು ತೆರೆಯಲಿಲ್ಲ.
ಟೀವಿಯ ಸದ್ದು ಮಾತ್ರ ಥಟ್ಟನೆ ಅಡಗಿತು.
ಎರಡನೆಯ ಮಂಗಳವಾರ ಪರದೆ ಅಲುಗಿತು,
ಗಾಜಿಗೊತ್ತಿದ ಪುಟ್ಟ ಮೂಗು,
ಹಿಂದಿನಿಂದ ಅದನ್ನು ಎಳೆದುಕೊಂಡ ಕೈ.
ಗೊತ್ತು ನನಗೆ. ಲಿಮರಿಕ್ಕಿನ ಈ ಬೀದಿಯಲ್ಲಿ
ಫೈಲು ಹಿಡಿದು ಕದ ತಟ್ಟುವವರು
ಒಂದೋ ಬಾಕಿ ಕೇಳಲು ಬರುತ್ತಾರೆ
ಇಲ್ಲವೇ ಮಗುವನ್ನು ಕೇಳಲು.
ನಾನೂ ಎರಡು ಬೀದಿ ಆಚೆ ಹುಟ್ಟಿದವಳೇ,
ನನ್ನಮ್ಮನೂ ಟೀವಿ ಆರಿಸುತ್ತಿದ್ದಳು.

ಮೂರನೆಯ ಸಲ ಫೈಲು ಕಾರಿನಲ್ಲೇ ಬಿಟ್ಟೆ.
ಜೆಸಿಂತಾ ಮೆಟ್ಟಿಲ ಮೇಲೆ ತಳ್ಳುಗಾಡಿ ಮಗುಚಿ
ಕಳಚಿದ ಚಕ್ರಕ್ಕೆ ಬೆಣ್ಣೆಯ ಚಾಕುವಿನಲ್ಲಿ
ತಿರುಪು ಬಿಗಿಯುತ್ತಿದ್ದಳು.
"ಹಿಡಕೊಳ್ಳಿ ಇಲ್ಲಿ" ಅಂದಳು,
ಯಾರು, ಏನು ಎಂದು ಕೇಳದೆ.
ಹಿಡಕೊಂಡೆ.
ಸಂಜೆ ವರದಿಯಲ್ಲಿ ಬರೆದೆ:
ಅವಧಿ ಇಪ್ಪತ್ತು ನಿಮಿಷ. ವಿಷಯ, ಚಕ್ರ.

ಡಾರಾಗೆ ಆಗಷ್ಟೇ ನಾಲ್ಕು ತುಂಬಿತ್ತು.
ತುಟಿ ಪಿಟಕ್ಕೆನ್ನದ ಹುಡುಗ.
ಕಿಟಕಿಯ ಕಟ್ಟೆಯ ಮೇಲೆ ಬಾಟಲಿ ಮುಚ್ಚಳಗಳನ್ನು
ಸಾಲು ಹಿಡಿಸಿ, ಕೆಡಿಸಿ, ಮತ್ತೆ ಹಿಡಿಸುತ್ತ,
ನಡುನಡುವೆ ಕಣ್ಣೆತ್ತಿ
ಬಯಲಿನಲ್ಲಿ ಕಟ್ಟಿದ ಕಪ್ಪುಬಿಳಿ ಕುದುರೆ
ಇದ್ದಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತ.
ನನ್ನ ಚೀಲದ ಬಣ್ಣದ ಹಿಟ್ಟು ಅವನಿಗೆ ಬೇಡ,
ಪುಸ್ತಕದ ಕರಡಿ ಬೇಡ.
ನಾನೂ ನೆಲದ ಮೇಲೆ ಕೂತೆ.
ಹನ್ನೊಂದು ಮಂಗಳವಾರ ಕೂತೆ.
"ಇದಕ್ಕೂ ಸಂಬಳ ಕೊಡ್ತಾರಾ ನಿಮಗೆ?" ಅಂದಳು ಜೆಸಿಂತಾ.
"ಕೊಡ್ತಾರೆ, ತಡವಾಗಿ" ಅಂದೆ.
ಮೊದಲ ಸಲ ನಕ್ಕಳು.

ಹನ್ನೆರಡನೆಯ ವಾರ
ಸಾಲನ್ನು ಬೆರಳಿನಿಂದ ತಡವುತ್ತಿದ್ದವನು ನಿಂತ.
ಮತ್ತೆ ಮೊದಲಿನಿಂದ ತಡವಿದ.
"ಒಂದು ಕಮ್ಮಿ."
ಸಿಂಕಿನ ನಲ್ಲಿ ಸುರಿಯುತ್ತಲೇ ಇತ್ತು.
ಜೆಸಿಂತಾ ತಿರುಗಿ, ನೊರೆ ಮೆತ್ತಿದ ಮುಷ್ಟಿ ಬಿಚ್ಚಿದಳು.
ಹಸಿರು ಮುಚ್ಚಳ.
ಅವಳೇ ಕದ್ದದ್ದು, ಬೇಕೆಂದೇ,
ಮೂರು ದಿನದಿಂದ ಕಾದದ್ದು.
ನನ್ನ ಯಾವ ತರಬೇತಿಯಲ್ಲೂ ಆ ಪಾಠ ಇರಲಿಲ್ಲ.

ಫಾರಮು ಕೇಳುತ್ತದೆ: ಮಗು ಶಾಲೆಗೆ ಸಿದ್ಧವೇ?
ಗುಂಡಿ ಹಾಕಿಕೊಳ್ಳಬಲ್ಲದೇ, ಸರದಿ ಕಾಯಬಲ್ಲದೇ,
ಹತ್ತರವರೆಗೆ ಎಣಿಸಬಲ್ಲದೇ.
ಮಗುವಿಗೆ ಶಾಲೆ ಸಿದ್ಧವೇ
ಎಂದು ಕೇಳುವ ಚೌಕ ಎಲ್ಲೂ ಇಲ್ಲ.
ಸೀದ ತಳ ಕೆರೆಯುತ್ತ ಒಂದು ದಿನ
ಪಾತ್ರೆಗೆ ಹೇಳಿದಂತೆ ಹೇಳಿದಳು:
ಅದೇ ಶಾಲೆ, ಎರಡನೆಯ ತರಗತಿ.
ತಲೆಯಲ್ಲಿ ಹೇನು ಎಂದು
ಕೋಟಿನ ಗೂಟಗಳ ಕೆಳಗೆ ಕೂರಿಸಿದರು.
ಇಡೀ ಚಳಿಗಾಲ.
ಒದ್ದೆ ಕೋಟುಗಳಿಂದ ಕುತ್ತಿಗೆಗೆ ನೀರು ತೊಟ್ಟಿಕ್ಕುತ್ತಿತ್ತು.

ಬೇಸಿಗೆಯಲ್ಲಿ ಗುರುವಾರಕ್ಕೊಮ್ಮೆ
ಮೂವರೂ ಶಾಲೆಯ ದಾರಿ ಹಿಡಿದೆವು, ರೂಢಿಗೆಂದು.
ಹುಡುಗ ಮುಂದೆ ಮುಂದೆ.
ಗೇಟು ಕಾಣುತ್ತಲೇ ಅವಳ ಕಾಲು ಕಚ್ಚಿಕೊಳ್ಳುತ್ತಿತ್ತು,
ನೆಪಕ್ಕೆ ಸಿಗರೇಟು.
"ನಾಳೆ ಒಳಗೆ ಹೋಗೋಣ" ಎಂದು ನಾನು ಹೇಳಲಿಲ್ಲ.
ಮಿಸ್ ಕ್ವಿನ್ಲಿವನ್‌ಗೆ ಫೋನು ಮಾಡಿದೆ.

ಆಗಸ್ಟಿನ ಕೊನೆಯ ಗುರುವಾರ ಆಕೆ ಹೊರಗೆ ಬಂದಳು.
ಸ್ವೆಟರಿನ ತೋಳಿಗೆ ಗೋಡೆಯ ಬಣ್ಣ ಹತ್ತಿತ್ತು.
ಗೇಟಿನಿಂದ ನಾಲ್ಕು ಹೆಜ್ಜೆ,
ಎಣಿಸಿದ್ದೇನೆ,
ರಸ್ತೆ ಬದಿಯ ಮೋಟು ಗೋಡೆಯ ಮೇಲೆ ಕೂತಳು.
ಬನ್ನಿ ಎನ್ನಲಿಲ್ಲ.
ಜೆಸಿಂತಾಳನ್ನೇ ಕೇಳಿದಳು:
"ಇವನಿಗೆ ಸಿಟ್ಟು ಬಂದರೆ ನೀವೇನು ಮಾಡ್ತೀರಿ?
ನನಗೆ ಗೊತ್ತಿರಬೇಕಲ್ಲ."
ಆ ಶಾಲೆ ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.
ಸಿಗರೇಟು ನಂದಿಸಿದಳು.
ಹೇಳತೊಡಗಿದವಳು ಬಸ್ಸು ಎರಡು ಹೋದರೂ ಹೇಳುತ್ತಿದ್ದಳು.
ಡಾರಾ ಜೇಬಿನಿಂದ ಹಸಿರು ಮುಚ್ಚಳ ತೆಗೆದು
ಟೀಚರಿನ ಅಂಗೈಗಿಟ್ಟ, ಒಂದು ಗಳಿಗೆ,
ಮತ್ತೆ ವಾಪಸು ತೆಗೆದುಕೊಂಡ.

ಸೆಪ್ಟೆಂಬರಿನಲ್ಲಿ ಅವನು ಒಳಗೆ ಹೋದ. ಅತ್ತ.
ಅತ್ತವರು ಇನ್ನೂ ಒಂಬತ್ತು ಮಂದಿ.
ಅವಳು ಹೋದದ್ದು ನವೆಂಬರಿನಲ್ಲಿ,
ಮರೆತ ಕೈಗವಸು ಕೊಡಲು.
ಹಿಂದಿರುಗಿ ಬಂದು ಕಾರಿನಲ್ಲಿ ಕೂತು
ಬೆಲ್ಟು ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದಳು.
"ಆ ಗೂಟಗಳ ಕೆಳಗೆ
ಈಗ ಹೀಟರು ಹಾಕಿದ್ದಾರೆ" ಅಂದಳು.